ಮೀನಿಗಿಂತ ಮೊದಲು ನೀರು ಸಾಕಿ

ಹೊಸ ಫಿಶ್ ಟ್ಯಾಂಕ್ ತಂದ ಮನೆಗಳಲ್ಲಿ ಕಥೆ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತೆ. ಭಾನುವಾರ ಟ್ಯಾಂಕು, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಆರು ಮೀನು ಎಲ್ಲವೂ ಒಟ್ಟಿಗೆ ಬರುತ್ತವೆ. ಮೊದಲ ಮೂರು ದಿನ ಮೀನು ಚುರುಕಾಗಿರುತ್ತವೆ, ವಾಟ್ಸ್ಯಾಪ್ ಸ್ಟೇಟಸ್ ತುಂಬ ಅವುಗಳದ್ದೇ ವಿಡಿಯೊ. ಐದನೇ ದಿನ ನೀರು ಒಂದು ಚಮಚ ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತೆ. ಏಳನೇ ದಿನ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಹತ್ತನೇ ದಿನದ ಹೊತ್ತಿಗೆ ಒಂದೊಂದಾಗಿ ತೇಲುತ್ತವೆ.

ಅಂಗಡಿಯಲ್ಲಿ ಕೇಳಿದರೆ "ಮೀನು ವೀಕ್ ಇತ್ತು ಸಾರ್, ಬೇರೆ ತಗೊಂಡ್ಹೋಗಿ" ಅಂತಾರೆ. ಮನೆಯಲ್ಲಿ ಕೇಳಿದರೆ ದೃಷ್ಟಿ ಆಯ್ತು ಅಂತಾರೆ. ಬೇರೆ ಮೀನು ತಂದರೆ ಅವೂ ಹಾಗೇ ಹೋಗುತ್ತವೆ. ಆಮೇಲೆ ಟ್ಯಾಂಕು ಅಟ್ಟ ಸೇರುತ್ತೆ.

ಇದಕ್ಕೆ ಅಕ್ವೇರಿಯಂ ಹವ್ಯಾಸಿಗಳು 'ನ್ಯೂ ಟ್ಯಾಂಕ್ ಸಿಂಡ್ರೋಮ್' ಅಂತ ಹೆಸರಿಟ್ಟಿದ್ದಾರೆ. ಮೀನಿಗೆ ಕಾಯಿಲೆ ಇರೋದಿಲ್ಲ. ನೀರು ಇನ್ನೂ ತಯಾರಾಗಿರೋದಿಲ್ಲ, ಅಷ್ಟೆ.

ಮಾವ, ನಾನು ಬಡಿದಿದ್ದಕ್ಕಾ?

ನಾನು ಸಾಫ್ಟ್‌ವೇರ್ ಎಂಜಿನಿಯರ್. ವರ್ಕ್ ಫ್ರಮ್ ಹೋಮ್ ಸಿಕ್ಕ ಮೇಲೆ ಕೃಷ್ಣರಾಜಪೇಟೆಯ ಮನೆಯಲ್ಲೇ ಇದ್ದೀನಿ. ಅಕ್ಕನ ಮನೆ ಎರಡು ಬೀದಿ ಆಚೆ. ಅವಳ ಮಗಳು ಮೂರನೇ ಕ್ಲಾಸು. ಹುಟ್ಟುಹಬ್ಬಕ್ಕೆ ಯಾರೋ ಅವಳಿಗೆ ಗಾಜಿನ ಬೋಗುಣಿ ಮತ್ತು ಎರಡು ಗೋಲ್ಡ್ ಫಿಶ್ ಕೊಟ್ಟಿದ್ದರು. ಒಂಬತ್ತು ದಿನಕ್ಕೆ ಎರಡೂ ಹೋದವು.

ಮಕ್ಕಳು ಎರಡು ದಿನ ಅತ್ತು ಮರೆಯುತ್ತಾರೆ ಅಂದುಕೊಂಡಿದ್ದೆ. ಒಂದು ತಿಂಗಳಾದ ಮೇಲೆ ಹೋಮ್‌ವರ್ಕ್ ಮಾಡ್ತಾ ಮಾಡ್ತಾ ತಲೆ ಎತ್ತದೆ ಕೇಳಿದಳು: "ನಾನು ಗ್ಲಾಸ್ ಬಡ್ದಿದ್ದಕ್ಕೆ ಸತ್ತೋದ್ವಾ ಮಾವ?"

ಗ್ಲಾಸ್ ಬಡೀಬೇಡ ಅಂತ ದೊಡ್ಡೋರು ಹೇಳಿದ್ದರಂತೆ. ಒಂದು ತಿಂಗಳಿಂದ ಆ ಮಗು ಎರಡು ಜೀವ ತೆಗೆದೆ ಅಂದುಕೊಂಡೇ ಸ್ಕೂಲಿಗೆ ಹೋಗಿ ಬರ್ತಾ ಇತ್ತು. ಬಾಯಿ ಮಾತಲ್ಲಿ "ಇಲ್ಲಮ್ಮ" ಅಂದರೆ ಅವಳು ನಂಬೋ ಹಾಗಿರಲಿಲ್ಲ. ತೋರಿಸಬೇಕಿತ್ತು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಂದೆ. ಕಲ್ಲು, ಮರಳು ಹಾಕಿದ ಮೇಲೆ ಅದರಲ್ಲಿ ಹಿಡಿಯೋದು ಸುಮಾರು 45 ಲೀಟರ್ ನೀರು. ಮೀನು ಮಾತ್ರ ತರಲಿಲ್ಲ.

ಕಣ್ಣಿಗೆ ಕಾಣದ ವಿಷ

ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯಾವನ್ನೂ ಹೊರಗೆ ಹಾಕುತ್ತೆ. ತಿಂದು ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ ಇವುಗಳಿಂದಲೂ ಅಮೋನಿಯಾ ಬರುತ್ತೆ. ಹೊಳೆಯಲ್ಲಿ, ಕೆರೆಯಲ್ಲಿ ಅದು ಸಾವಿರಾರು ಪಟ್ಟು ನೀರಿನಲ್ಲಿ ಬೆರೆತು ಕರಗುತ್ತೆ. ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗೋಕೆ ಜಾಗ ಇಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಮೀನಿನ ಆಹಾರದಲ್ಲಿ ಶೇ 40ರಷ್ಟು ಪ್ರೊಟೀನ್ ಇದ್ದರೆ ಅದರಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕ ಇರುತ್ತೆ. ಅದರಲ್ಲಿ ಅರ್ಧ ಅಮೋನಿಯಾ ಆದರೂ 45 ಲೀಟರಿಗೆ ಸುಮಾರು 0.85 ಪಿಪಿಎಂ ಏರುತ್ತೆ. ಅಂದರೆ ಒಂದು ಲೀಟರಿನಲ್ಲಿ 0.85 ಮಿಲಿಗ್ರಾಂ. ಆರೋಗ್ಯವಾಗಿರೋ ಟ್ಯಾಂಕಿನಲ್ಲಿ ಈ ಸಂಖ್ಯೆ ಸೊನ್ನೆ ಇರಬೇಕು. ನೀರು ಮಾತ್ರ ಕನ್ನಡಿ ಥರ ತಿಳಿಯಾಗೇ ಕಾಣುತ್ತೆ.

ಇದನ್ನು ಸರಿಮಾಡೋದು ಬ್ಯಾಕ್ಟೀರಿಯಾ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ, ಮೀನಿನ ರಕ್ತ ಆಮ್ಲಜನಕ ಒಯ್ಯದ ಹಾಗೆ ಮಾಡುತ್ತೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತವೆ, ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದನ್ನು ನೀರು ಬದಲಿಸಿ ನಾವು ತೆಗೆಯಬಹುದು. ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಅನ್ನೋದು ಗೊತ್ತಾಗಿದ್ದು 2015ರಲ್ಲಿ. ಅದರಲ್ಲೊಂದು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡಿಕೊಂಡಿರೋದು ಕಡಿಮೆ. ಫಿಲ್ಟರಿನ ಸ್ಪಾಂಜು, ಮರಳು, ಕಲ್ಲಿನ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಬೆಳೆಯೋದೂ ನಿಧಾನ. ಏನೂ ಇಲ್ಲದೆ ಶುರುಮಾಡಿದರೆ ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಮೀನು ಸಾಯೋದು ಎರಡನೇ ವಾರದಲ್ಲಿ. ಸಮಸ್ಯೆ ಇರೋದು ಇಷ್ಟೇ.

ಇದನ್ನೆಲ್ಲ ಅಪ್ಪನಿಗೆ ವಿವರಿಸ್ತಾ ಇದ್ದೆ. ಅರ್ಧಕ್ಕೇ ತಡೆದರು. "ಹಸಿ ಕೋಳಿಗೊಬ್ಬರ ಹಾಕುದ್ರೆ ಗಿಡ ಸುಟ್ಟೋಯ್ತದೆ ಕಣಪ್ಪ. ಮೊದ್ಲು ಕೊಳೀಬೇಕು. ಅದ್ನೇ ತಾನೆ ನೀನ್ ಹೇಳ್ತಿರದು?" ಅದೇ. ಕಬ್ಬಿಗೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗಿ, ನೈಟ್ರೇಟ್ ಆಗಿ ಬೇರಿಗೆ ಸಿಗೋದೂ ಇದೇ ಕುಲದ ಬ್ಯಾಕ್ಟೀರಿಯಾಗಳಿಂದ.

ನಿಮ್ಮ ನಲ್ಲಿಯಲ್ಲಿ ಬರೋದು ಯಾವ ನೀರು?

ನಮ್ಮ ಕಡೆ ಮನೆಗೆ ಮೂರು ಥರದ ನೀರು ಬರುತ್ತೆ: ಹೊಳೆ ನೀರು, ಬೋರ್ ನೀರು, ಆರ್‌ಒ ಕ್ಯಾನ್ ನೀರು. ಮೀನಿನ ಮಟ್ಟಿಗೆ ಮೂರೂ ಬೇರೆ ಬೇರೆ.

ಹೊಳೆ ನೀರು, ಅಂದರೆ ನಮಗೆ ಹೇಮಾವತಿ. ನಮ್ಮ ಮನೆಯಲ್ಲಿ ಅಳೆದಾಗ ಟಿಡಿಎಸ್ 200ರ ಆಸುಪಾಸು ಇತ್ತು, ಪಿಎಚ್ 7.4. ಸಾಮಾನ್ಯ ಮೀನುಗಳಿಗೆ ಬಹಳ ಒಳ್ಳೆಯ ನೀರು. ಆದರೆ ಕುಡಿಯುವ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತೆ ಭಾರತೀಯ ಮಾನಕ ಐಎಸ್ 10500. ನಮ್ಮ ಹೊಟ್ಟೆಗೆ ಅದು ರಕ್ಷಣೆ. ಮೀನಿನ ಕಿವಿರಿಗೂ, ಸ್ಪಾಂಜಿನ ಬ್ಯಾಕ್ಟೀರಿಯಾಕ್ಕೂ ಅದು ಏಟು. ಬಾಯಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಒಳಗೆ ಗಾಳಿ ಕಲ್ಲು ಬಿಟ್ಟರೆ ಇನ್ನೂ ಬೇಗ ಹೋಗುತ್ತೆ. ಅವಸರ ಇದ್ದರೆ ಅಕ್ವೇರಿಯಂ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ. ಮಳೆಗಾಲದಲ್ಲಿ ಹೊಳೆ ಕೆಂಪಗೆ ಹರಿಯುವಾಗ ನೀರು ಬದಲಿಸೋ ಮೊದಲು ಮೂಸಿ ನೋಡಿ. ಬ್ಲೀಚಿಂಗ್ ಪೌಡರ್ ವಾಸನೆ ಹೊಡೆದರೆ ಇನ್ನೊಂದು ದಿನ ಕಾಯಿರಿ.

ಬೋರ್ ನೀರು. ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತೆ ಅಂದರೆ ಅದು ಗಡಸು ನೀರು. ನಮ್ಮ ತೋಟದ ಬೋರಿನದು ಅಳೆದಾಗ ಟಿಡಿಎಸ್ 900, ಪಿಎಚ್ 8ರ ಮೇಲೆ. ಇದರಲ್ಲಿ ಮೀನು ಬದುಕಲ್ಲ ಅಂತ ಅಲ್ಲ. ಗಪ್ಪಿ, ಮೋಲಿ, ಪ್ಲಾಟಿಗೆ ಗಡಸು ನೀರೇ ಇಷ್ಟ. ಆದರೆ ಪಿಎಚ್ ಜಾಸ್ತಿ ಇದ್ದಷ್ಟೂ ಅಮೋನಿಯಾದ ವಿಷ ಏರುತ್ತೆ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತೆ. ಪಿಎಚ್ 8 ಆದರೆ ಅದು ಶೇ 5 ದಾಟುತ್ತೆ. ಕಿಟ್ ತೋರಿಸೋ ಸಂಖ್ಯೆ ಒಂದೇ, ಅಪಾಯ ಹತ್ತಿರಹತ್ತಿರ ಹತ್ತು ಪಟ್ಟು. ಬೆಂಗಳೂರಿನ ಫ್ರೆಂಡ್ ಟ್ಯಾಂಕಿನಲ್ಲಿ ನಡೆದದ್ದು ನಾಗಮಂಗಲದ ಬೋರ್ ನೀರಿನಲ್ಲಿ ನಡೆಯದೇ ಇರೋದಕ್ಕೆ ಇದೂ ಒಂದು ಕಾರಣ. ಇನ್ನೊಂದು ವಿಷಯ, ಆಗಷ್ಟೇ ಮೇಲೆ ಬಂದ ಬೋರ್ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತೆ. ಅದನ್ನೂ ಒಂದು ರಾತ್ರಿ ಗಾಳಿಯಾಡಲು ಬಿಟ್ಟೇ ಬಳಸಿ.

ಆರ್‌ಒ ನೀರು. ಊರೂರಲ್ಲೂ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ ಇದೆಯಲ್ಲ, ಆ ನೀರು. 'ನಮಗೇ ಇಷ್ಟು ಒಳ್ಳೇದು, ಮೀನಿಗೆ ಇನ್ನೂ ಒಳ್ಳೇದು' ಅನ್ನಿಸೋದು ಸಹಜ. ಆದರೆ ಅದರಲ್ಲಿ ಖನಿಜ ಬಹಳ ಕಡಿಮೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ಅರಗಿಸೋಕೆ ಬ್ಯಾಕ್ಟೀರಿಯಾ ನೀರಿನ ಸುಮಾರು ಏಳು ಮಿಲಿಗ್ರಾಂ ಕ್ಷಾರವನ್ನು ತಿಂದುಹಾಕುತ್ತವೆ. ಬರೀ ಆರ್‌ಒ ನೀರಿನಲ್ಲಿ ಆ ಕ್ಷಾರ ಬೇಗ ಖಾಲಿಯಾಗಿ ಪಿಎಚ್ ಕುಸಿಯುತ್ತೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ. ಆರ್‌ಒ ನೀರು ಬೇಕಾಗೋದು ಬೋರ್ ನೀರಿನ ಜೊತೆ ಬೆರೆಸೋಕೆ. 900 ಟಿಡಿಎಸ್ ಇರೋ ಬೋರ್ ನೀರು ಒಂದು ಪಾಲು, 50 ಇರೋ ಆರ್‌ಒ ಒಂದು ಪಾಲು ಬೆರೆಸಿದರೆ 475. ಇಷ್ಟಿದ್ದರೆ ಬಹಳಷ್ಟು ಸಾಮಾನ್ಯ ಮೀನುಗಳಿಗೆ ಧಾರಾಳ ಸಾಕು.

ಯಾವ ನೀರಾದರೂ ಮಧ್ಯಾಹ್ನ ತಾರಸಿ ಮೇಲಿನ ಸಿಂಟೆಕ್ಸಿನಿಂದ ನೇರ ಹಿಡಿದು ಸುರಿಯಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಅದು ಸ್ನಾನದ ನೀರಿನಷ್ಟು ಬಿಸಿ ಇರುತ್ತೆ.

ಹೆಪ್ಪು ಹಾಕೋದು

ಬ್ಯಾಕ್ಟೀರಿಯಾ ಬೆಳೆಸೋಕೆ ಮೀನನ್ನೇ ಬಿಟ್ಟು ಕಾಯೋ ಅಗತ್ಯ ಇಲ್ಲ. ಅವಕ್ಕೆ ಬೇಕಾದ ಅಮೋನಿಯಾವನ್ನು ನಾವೇ ಹಾಕಬಹುದು. ನಾನು ಬಳಸಿದ್ದು ಶುದ್ಧ ಅಮೋನಿಯಂ ಕ್ಲೋರೈಡ್. ಪಾತ್ರೆಗೆ ಕಲಾಯಿ ಹಾಕೋರು ಇಟ್ಟುಕೊಳ್ಳುತ್ತಿದ್ದ ನವಸಾಗರ ಇದೇ ವಸ್ತು. ಆದರೆ ಆ ಗಟ್ಟಿಯಲ್ಲಿ ಬೇರೇನು ಬೆರೆತಿರುತ್ತೋ, ಹಾಗಾಗಿ ಲ್ಯಾಬ್ ದರ್ಜೆಯದ್ದೇ ಕೊಳ್ಳಿ. ಮೂರು ಗ್ರಾಂ ಪುಡಿಯನ್ನು 100 ಎಂಎಲ್ ನೀರಿನಲ್ಲಿ ಕರಗಿಸಿ, ಅದರಲ್ಲಿ 10 ಎಂಎಲ್ ಹಾಕಿದರೆ 45 ಲೀಟರಿಗೆ ಸುಮಾರು 2 ಪಿಪಿಎಂ ಅಮೋನಿಯಾ ಸಿಗುತ್ತೆ. ಅದು ಸಿಗದಿದ್ದರೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟರೂ ಆಯ್ತು, ಲೆಕ್ಕ ಮಾತ್ರ ಕರಾರುವಾಕ್ಕಾಗಿ ಸಿಗಲ್ಲ.

ಕಾಯುವ ದಿನ ಕಡಿಮೆ ಮಾಡೋಕೆ ಇನ್ನೊಂದು ದಾರಿ ಇದೆ. ಮೈಸೂರಿನಲ್ಲಿ ಗೆಳೆಯನೊಬ್ಬನ ಟ್ಯಾಂಕು ಎರಡು ವರ್ಷದಿಂದ ಚೆನ್ನಾಗಿ ನಡೀತಿದೆ. ಅವನ ಫಿಲ್ಟರಿನಿಂದ ಒಂದು ತುಂಡು ಹಳೇ ಸ್ಪಾಂಜನ್ನು ಅದೇ ಟ್ಯಾಂಕಿನ ನೀರಿನ ಜೊತೆ ಟಿಫಿನ್ ಡಬ್ಬಿಗೆ ಹಾಕಿಸಿಕೊಂಡು ಬಸ್ಸಿನಲ್ಲಿ ತಂದೆ. ಡಬ್ಬಿಯಲ್ಲಿ ಅರ್ಧ ನೀರು, ಅರ್ಧ ಗಾಳಿ ಇರಬೇಕು, ಒಣಗಬಾರದು. ಮನೆಗೆ ತಂದು ನಮ್ಮ ಫಿಲ್ಟರಿನ ಪಕ್ಕ ಸಿಕ್ಕಿಸೋದನ್ನ ಅಮ್ಮ ನೋಡ್ತಾ ಇದ್ದರು.

"ಪಕ್ಕದ್ಮನೆಯಿಂದ ಹೆಪ್ಪು ಈಸ್ಕೊಂಡ್ ಬಂದಂಗಾಯ್ತು ಬಿಡು" ಅಂದರು.

ಆಮೇಲೆ ನಾನು ಯಾರಿಗೆ ವಿವರಿಸಿದರೂ ಈ ಮಾತನ್ನೇ ಬಳಸೋದು. ಒಳ್ಳೇ ಟ್ಯಾಂಕ್ ಇರೋರು ಗೊತ್ತಿದ್ದರೆ ಹೆಪ್ಪು ಕೇಳಿ. ಅವರ ಮೀನಿಗೆ ರೋಗ ಇಲ್ಲ ಅನ್ನೋದನ್ನ ಮಾತ್ರ ಖಾತ್ರಿ ಮಾಡಿಕೊಳ್ಳಿ, ಸ್ಪಾಂಜಿನ ಜೊತೆ ಅದೂ ಬರಬಹುದು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಕೆಲವು ಕೆಲಸ ಮಾಡುತ್ತವೆ, ಕೆಲವು ಮಾಡಲ್ಲ. ಲೇಬಲ್ ನಂಬೋದಕ್ಕಿಂತ ಟೆಸ್ಟ್ ಕಿಟ್ ನಂಬಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕಕ್ಕೂ ಹನಿ ಹಾಕಿ ನೋಡುವ ಕಿಟ್ ಒಂದು ಇರಲೇಬೇಕು. ಲೈಟು, ಬ್ಯಾಕ್‌ಗ್ರೌಂಡ್ ಪೋಸ್ಟರ್ ಎಲ್ಲ ಆಮೇಲೆ.

ದಿನಾ ಸಂಜೆ ಟೆಸ್ಟ್ ಮಾಡೋ ಕೆಲಸ ಅಕ್ಕನ ಮಗಳದ್ದು. ಟ್ಯೂಬಿಗೆ ನೀರು, ಹನಿ ಎಣಿಸೋದು, ಅಲ್ಲಾಡಿಸೋದು, ಬಣ್ಣದ ಕಾರ್ಡಿಗೆ ಹೋಲಿಸಿ ನೋಟ್‌ಬುಕ್ಕಿನಲ್ಲಿ ಬರೆಯೋದು. ಅವಳ ನೋಟ್‌ಬುಕ್ಕಿನ ಪ್ರಕಾರ:

ದಿನ 1: ಅಮೋನಿಯಾ 2, ನೈಟ್ರೈಟ್ 0.
ದಿನ 4: ಏನೂ ಬದಲಾವಣೆ ಇಲ್ಲ.
ದಿನ 8: ಅಮೋನಿಯಾ 1, ನೈಟ್ರೈಟ್ ಕಾಣಿಸಿಕೊಂಡಿದೆ.
ದಿನ 12: ಅಮೋನಿಯಾ 0, ನೈಟ್ರೈಟ್ ಕಾರ್ಡಿನ ಕೊನೇ ಬಣ್ಣಕ್ಕಿಂತ ಗಾಢ.
ದಿನ 19: ನೈಟ್ರೈಟ್ ಇಳೀತಾ ಇದೆ.
ದಿನ 24: ಹಿಂದಿನ ಸಂಜೆ ಹಾಕಿದ 2 ಪಿಪಿಎಂ ಅಮೋನಿಯಾ ಪೂರ್ತಿ ಮಾಯ. ಎರಡೂ ಸೊನ್ನೆ. ನೈಟ್ರೇಟ್ 40ರ ಹತ್ತಿರ.

ನಡುವೆ ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಮತ್ತೆ ಹಾಕಿದೆವು, ಒಟ್ಟು ಐದು ಸಲ. ಊಟ ನಿಂತರೆ ಬೆಳೆದ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ.

ಈ 24 ದಿನ ಮನೆಗೆ ಬಂದವರೆಲ್ಲ ಖಾಲಿ ಟ್ಯಾಂಕ್ ನೋಡಿ ನಕ್ಕರು. "ಬರೀ ನೀರ್ಗೆ ಲೈಟ್ ಹಾಕ್ಕೊಂಡ್ ಕೂತವ್ನೆ" ಅಂತ ಬೀದಿಯಲ್ಲಿ ಮಾತಾಯ್ತು. ಆದರೆ ಹನ್ನೆರಡನೇ ದಿನ ಟ್ಯೂಬು ಕಡು ನೇರಳೆ ಬಣ್ಣಕ್ಕೆ ತಿರುಗಿದಾಗ ಅವಳು ಅದನ್ನ ಬೆಳಕಿಗೆ ಹಿಡಿದು ನೋಡಿದಳು.

"ಈಗ ಇದ್ರಲ್ಲಿ ಮೀನು ಇದ್ದಿದ್ರೆ?"

"ಸತ್ತೋಗಿರೋವು."

"ನಾನು ಗ್ಲಾಸ್ ಬಡೀದೆ ಇದ್ರೂನೂ?"

"ನೀನು ಬಡೀದೆ ಇದ್ರೂನೂ."

ಸ್ವಲ್ಪ ಹೊತ್ತು ಸುಮ್ಮನಿದ್ದು ನೋಟ್‌ಬುಕ್ಕಿನಲ್ಲಿ ಬರೆದಳು. ಗ್ಲಾಸಿನ ಮಾತು ಆಮೇಲೆ ಎತ್ತಿಲ್ಲ.

ಮೀನು ಬಂದ ಮೇಲೆ

24ನೇ ದಿನ ಮುಕ್ಕಾಲು ಭಾಗ ನೀರು ಬದಲಿಸಿ, ಮಾರನೇ ದಿನ ಆರು ಗಂಡು ಗಪ್ಪಿ ತಂದೆವು. ಗಂಡೇ ಯಾಕೆ ಅಂದರೆ, ಜೋಡಿ ತಂದರೆ ಹೆಣ್ಣು ಗಪ್ಪಿ ತಿಂಗಳಿಗೊಮ್ಮೆ ಮರಿ ಹಾಕುತ್ತೆ, 45 ಲೀಟರ್ ಮೂರೇ ತಿಂಗಳಲ್ಲಿ ತುಂಬಿಹೋಗುತ್ತೆ. ಕವರನ್ನು ಹದಿನೈದು ನಿಮಿಷ ಟ್ಯಾಂಕಿನ ನೀರಿನಲ್ಲಿ ತೇಲಿಸಿ, ಮೀನನ್ನು ಬಲೆಯಲ್ಲಿ ಎತ್ತಿ ಬಿಟ್ಟೆವು. ಅಂಗಡಿಯ ನೀರನ್ನು ಟ್ಯಾಂಕಿಗೆ ಸುರಿಯಲಿಲ್ಲ.

ಆಮೇಲಿನ ಕೆಲಸ ವಾರಕ್ಕೆ ಅರ್ಧ ಗಂಟೆ. ಎಷ್ಟು ನೀರು ಬದಲಿಸಬೇಕು ಅನ್ನೋದಕ್ಕೆ ಸುಲಭ ಲೆಕ್ಕ ಇದೆ. ವಾರಕ್ಕೆ ನೈಟ್ರೇಟ್ 10 ಏರುತ್ತೆ ಅಂದುಕೊಳ್ಳಿ. ಪ್ರತಿ ವಾರ ಕಾಲು ಭಾಗ ಬದಲಿಸಿದರೆ ಅದು ಕೊನೆಗೆ 30 ಮತ್ತು 40ರ ನಡುವೆ ಓಡಾಡುತ್ತೆ. ಅರ್ಧ ಭಾಗ ಬದಲಿಸಿದರೆ 10 ಮತ್ತು 20ರ ನಡುವೆ. ಎರಡು ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ, ಕಲ್ಲು ಉಜ್ಜಿ, ಸ್ಪಾಂಜನ್ನು ನಲ್ಲಿ ಕೆಳಗೆ ಬಿಳಿ ಬರೋವರೆಗೂ ತೊಳೆಯೋ ಅಭ್ಯಾಸ ಬಹಳ ಮನೆಗಳಲ್ಲಿದೆ. ಹಾಗೆ ಮಾಡಿದರೆ ಹೆಪ್ಪು ಚೆಲ್ಲಿದ ಹಾಗೆ, ಮತ್ತೆ ಒಂದನೇ ದಿನದಿಂದ ಶುರು. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್ಟಿನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ. ಕಂದು ಬಣ್ಣ ಹಾಗೇ ಇರಲಿ.

ಆಹಾರ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ಖಾಲಿಯಾಗೋಷ್ಟು. ವಾರಕ್ಕೊಂದು ದಿನ ಉಪವಾಸ ಹಾಕಿದರೂ ಏನೂ ಆಗಲ್ಲ.

ಕರೆಂಟ್ ಹೋದರೆ? ಬ್ಯಾಕ್ಟೀರಿಯಾಕ್ಕೂ ಮೀನಿಗೂ ಆಮ್ಲಜನಕ ಬೇಕು. ಒಂದೆರಡು ಗಂಟೆ ತೊಂದರೆ ಇಲ್ಲ. ಸಂಜೆ ಹೋದ ಕರೆಂಟು ಬೆಳಿಗ್ಗೆವರೆಗೂ ಬರದಿದ್ದರೆ ಕಷ್ಟ. ನಿಮ್ಮ ರೂಟರ್ ಇನ್ವರ್ಟರ್ ಮೇಲಿದ್ದರೆ ಅದೇ ಲೈನಿಗೆ ಏರ್ ಪಂಪನ್ನೂ ಸೇರಿಸಿ, ಅದು ತಿನ್ನೋದು ಕೆಲವೇ ವ್ಯಾಟ್. ಇಲ್ಲವಾದರೆ ಯುಎಸ್‌ಬಿ ಏರ್ ಪಂಪ್ ಒಂದನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ.

ಆಗಲೇ ಮೀನು ಬಿಟ್ಟಾಗಿದೆಯಾ?

ಇದನ್ನು ಓದುವ ಹೊತ್ತಿಗೆ ನಿಮ್ಮ ಟ್ಯಾಂಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಇವತ್ತೇ ಮಾಡಬಹುದಾದದ್ದು ಇಷ್ಟು.

ಎರಡು ದಿನ ಆಹಾರ ನಿಲ್ಲಿಸಿ. ಅರ್ಧ ನೀರು ತೆಗೆದು, ಕ್ಲೋರಿನ್ ಇಲ್ಲದ, ಅದೇ ಬಿಸಿಯ ನೀರು ನಿಧಾನವಾಗಿ ಹಾಕಿ. ಗಾಳಿ ಜಾಸ್ತಿ ಮಾಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯ ಹತ್ತಿರ ಬರೋವರೆಗೂ ದಿನಾ ಮೂರನೇ ಒಂದು ಭಾಗ ಬದಲಿಸಿ. ನೈಟ್ರೈಟ್ ಇದ್ದರೆ 10 ಲೀಟರಿಗೆ ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಕಲ್ಲುಪ್ಪನ್ನು ಬೇರೆ ಮಗ್ಗಿನಲ್ಲಿ ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗದಂತೆ ತಡೆಯುತ್ತೆ. ಫಿಲ್ಟರ್ ಮುಟ್ಟಬೇಡಿ. ಹೊಸ ಮೀನು ತರಬೇಡಿ. ನೀರು ಹಾಲಿನಂತಾಗಿದೆ ಅಂತ ಗಾಬರಿಯಾಗಿ ಪೂರ್ತಿ ಖಾಲಿ ಮಾಡಬೇಡಿ, ಮಬ್ಬು ತಾನಾಗೇ ಹೋಗುತ್ತೆ.

ತೆಗೆದ ನೀರು, ಬೇಡವಾದ ಮೀನು

ವಾರವಾರ ತೆಗೆಯುವ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ಅದರಲ್ಲಿ ನೈಟ್ರೇಟ್ ಇದೆ, ಗಿಡಕ್ಕೆ ಅದು ಗೊಬ್ಬರ. ಉಪ್ಪು ಹಾಕಿದ ವಾರದ್ದು ಬಿಟ್ಟು ಮಿಕ್ಕಿದ್ದೆಲ್ಲ ನಮ್ಮ ಹಿತ್ತಲ ಕರಿಬೇವಿನ ಗಿಡಕ್ಕೆ ಹೋಗುತ್ತೆ.

ಮೀನು ಸಾಕೋದು ಸಾಕಾಯ್ತು ಅಂದರೆ ಮಾತ್ರ ಅದನ್ನು ಊರ ಕೆರೆಗೋ ಹೊಳೆಗೋ ಬಿಡಬೇಡಿ. ಪುಣ್ಯದ ಕೆಲಸ ಅಂತ ಬಹಳ ಜನ ಹಾಗೆ ಬಿಡುತ್ತಾರೆ. ಟ್ಯಾಂಕಿನ ಗಾಜು ಕ್ಲೀನ್ ಮಾಡಲಿ ಅಂತ ತರೋ ಸಕ್ಕರ್ ಮೀನು ಹೀಗೇ ದೇಶದ ಎಷ್ಟೋ ಕೆರೆ, ಹೊಳೆ ಸೇರಿಕೊಂಡಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ರಲ್ಲೇ ದೇಶದಲ್ಲಿ ನಿಷೇಧಿಸಿದ್ದೂ ಊರ ಮೀನುಗಳನ್ನು ಅದು ತಿಂದುಹಾಕುತ್ತೆ ಅನ್ನೋ ಕಾರಣಕ್ಕೆ. ನಮ್ಮ ಹೇಮಾವತಿ ಹೋಗಿ ಸೇರೋದು ಕಾವೇರಿಗೆ. ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದ್ದಾರೆ. ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಕೂಡ ಅದಕ್ಕೆ ಒಂದು ಕಾರಣ.

ಬೇಡವಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ಟ್ಯಾಂಕ್ ಇರೋ ಇನ್ನೊಬ್ಬರಿಗೆ ಕೊಡಿ. ಅವರು ಹೊಸದಾಗಿ ಶುರುಮಾಡುವವರಾದರೆ ಮೀನಿಗಿಂತ ಮೂರು ವಾರ ಮೊದಲೇ ನಿಮ್ಮ ಫಿಲ್ಟರಿನ ಒಂದು ತುಂಡು ಸ್ಪಾಂಜು ಕಳಿಸಿ. ಹೆಪ್ಪಿಗೆ ಯಾರೂ ದುಡ್ಡು ಈಸ್ಕೊಳ್ಳಲ್ಲ.